ಶರಣರ ನಾಡೂ ಸರಕಾರದ ಆಯೋಗಗಳೂ

ರಾಜ್ಯಾಡಳಿತದಲ್ಲಿ ಆಯೋಗವೆಂಬುದಕ್ಕೆ ಒಂದು ವಿಲಕ್ಷಣವಾದ ಸ್ಥಾನವುಂಟು. ಅದು ಶಾಸನವನ್ನು ಮಾಡತಕ್ಕುದಲ್ಲ. ನ್ಯಾಯಸ್ಥಾನದಂತೆ ತೀರ್ಪನ್ನು ಕೊಡತಕ್ಕುದೂ ಅಲ್ಲ. ವಿಚಾರಿಸುವುದು, ಕೇಳುವುದು, ಬರೆದು ಒಪ್ಪಿಸುವುದು, ಇಷ್ಟೇ ಅದರ ಕೆಲಸ. ಒಪ್ಪಿಸಿದುದನ್ನು ಸರಕಾರವು ಕೊಳ್ಳಬಹುದು, ತಿದ್ದಬಹುದು, ಬಿಡಲೂಬಹುದು. ಹೀಗಿದ್ದರೂ ಕನ್ನಡನಾಡಿನ ಇತ್ತೀಚಿನ ಚರಿತ್ರೆಯಲ್ಲಿ ಯುದ್ಧಗಳಿಂದ ಆಗದಷ್ಟು ಮಾರ್ಪಾಟು ಮೂವರು ಕುಳಿತು ಬರೆದ ಒಂದು ವರದಿಯಿಂದ ಆಗಿಹೋಯಿತು. ಶರಣರ ಕಲ್ಯಾಣವು ಕರ್ನಾಟಕದೊಳಗೆ ಬಂದುದೂ, ಸಿದ್ಧರಾಮನ ಸೊನ್ನಲಿಗೆಯು ಹೊರಗೆ ಉಳಿದುದೂ ಆ ಕಥೆಯೊಳಗೇ ಸೇರಿವೆ.

ಕಮಿಷನ್ನು ಎಂಬ ಮಾತು ನಮ್ಮ ಹಳ್ಳಿಗಳಿಗೆ ಮೊದಲು ಬಂದುದು ಶುಭವಾರ್ತೆಯಾಗಿ ಅಲ್ಲ. ಮುಂಬಯಿ ಇಲಾಖೆಯಲ್ಲಿ 1852ನೆಯ ಇಸವಿಯ 11ನೆಯ ಕಾಯಿದೆಯ ಮೇರೆಗೆ ಇನಾಮು ಕಮಿಷನ್ನು ಬಲಗೊಂಡಾಗ, ಧಾರವಾಡ, ಬೆಳಗಾವಿ ಸೀಮೆಗಳ ಇನಾಮುದಾರರು ತಲೆತಲಾಂತರದಿಂದ ಪೆಟ್ಟಿಗೆಯೊಳಗಿದ್ದ ಸನದುಗಳನ್ನೂ ತಾಮ್ರಪಟಗಳನ್ನೂ ಹೊರತೆಗೆದು ತೋರಿಸಬೇಕಾಯಿತು. ಕಾಗದವಿದ್ದವನಿಗೆ ಭೂಮಿ, ಇಲ್ಲದವನಿಗೆ ಕಂದಾಯ, ಎಂಬ ಸ್ಥಿತಿ ಒದಗಿತು. ಗುಡಿ, ಮಸೀದಿ ಮುಂತಾದ ಶಾಶ್ವತ ಧರ್ಮಸಂಸ್ಥೆಗಳ ಭೂಮಿಯನ್ನು ಮುಂದುವರಿಸತಕ್ಕುದೆಂದು ಆ ಕಾಯಿದೆಯಲ್ಲಿಯೇ ಹೇಳಿತ್ತೆಂಬುದು ನಿಜ. ಆದರೆ ವಿಚಾರಣೆಯ ಭಯವು ಕಾಯಿದೆಯ ಅಕ್ಷರಕ್ಕಿಂತ ಬೇಗ ಹರಡುವುದು. 1857-58ರ ದಂಗೆಗೆ ಈ ಭಾಗದಲ್ಲಿ ಆ ಅಸಮಾಧಾನವೂ ಒಂದು ಕಾರಣವೆಂದು ಚರಿತ್ರಕಾರರು ಹೇಳುತ್ತಾರೆ. ಪ್ರಜೆಯನ್ನು ಕೇಳುವುದಕ್ಕಲ್ಲ, ಪ್ರಜೆಯಿಂದ ಲೆಕ್ಕ ತೆಗೆದುಕೊಳ್ಳುವುದಕ್ಕೆ ಬಂದ ಕಮಿಷನ್ನು ಅದು.

ಮುಂದೆ ಒಂದು ಶತಮಾನ ಕಳೆಯುವಷ್ಟರಲ್ಲಿ ಕಾಲವು ತಿರುಗಿತು. ಆಗ ಕನ್ನಡಿಗರು ಸುಮಾರು ಇಪ್ಪತ್ತು ಆಡಳಿತಗಳ ಕೆಳಗೆ ಹಂಚಿಹೋಗಿದ್ದರು. ಮೈಸೂರು ಒಂದು ಕಡೆ, ಮುಂಬಯಿ ಒಂದು ಕಡೆ, ಮದರಾಸು, ಹೈದರಾಬಾದು, ಕೊಡಗು ಬೇರೆ ಬೇರೆ. ಇವುಗಳ ನಡುನಡುವೆ ಜಮಖಂಡಿ, ಮುಧೋಳ, ಸಂಡೂರು, ಸವಣೂರು, ರಾಮದುರ್ಗ ಮೊದಲಾದ ಸಂಸ್ಥಾನಗಳು. ಶರಣರ ಕ್ಷೇತ್ರಗಳನ್ನೇ ನೋಡಿದರೆ ಈ ಒಡಕಿನ ಅರ್ಥ ಕಣ್ಣಿಗೆ ಕಟ್ಟುವುದು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯೂ ಐಕ್ಯರಾದ ಕೂಡಲಸಂಗಮವೂ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಯಲ್ಲಿದ್ದುವು. ಅವರು ಮಂತ್ರಿಪದವಿಯಲ್ಲಿದ್ದ ಕಲ್ಯಾಣವು ನಿಜಾಮರ ಸೀಮೆಯಲ್ಲಿತ್ತು. ಅಲ್ಲಮಪ್ರಭುವಿನ ಬಳ್ಳಿಗಾವೆಯೂ ಅಕ್ಕಮಹಾದೇವಿಯ ಉಡುತಡಿಯೂ ಮೈಸೂರಿನವಾಗಿದ್ದುವು. ಒಂದೇ ಅನುಭವಮಂಟಪದಲ್ಲಿ ಕುಳಿತವರ ಊರುಗಳಿಗೆ ಮೂರು ಸರಕಾರಗಳು!

ಇವುಗಳನ್ನು ಒಂದುಗೂಡಿಸಬೇಕೆಂಬ ಬೇಡಿಕೆ ಆಲೂರು ವೆಂಕಟರಾಯರಂತಹವರ ಶ್ರಮದಿಂದ ಬಲಿತು, 1928ರ ಮೋತೀಲಾಲ ನೆಹರೂ ಸಮಿತಿಯ ವರದಿಯಲ್ಲಿ ಅನುಕೂಲವಾದ ಮಾತನ್ನು ಪಡೆದಿತ್ತು. ಸ್ವಾತಂತ್ರ್ಯವು ಬಂದೊಡನೆಯೇ ಅದು ಕೈಗೂಡುವುದೆಂದು ಜನರು ನಂಬಿದ್ದರು. ಆದರೆ 1948ರಲ್ಲಿ ನೇಮಕವಾದ ಧರ್ ಆಯೋಗವು, ಕೇವಲ ಭಾಷೆಯ ಮೇಲೆ ಪ್ರಾಂತಗಳನ್ನು ಕಟ್ಟುವುದು ರಾಷ್ಟ್ರಹಿತಕ್ಕೆ ಒಳ್ಳೆಯದಲ್ಲವೆಂದು ಅಭಿಪ್ರಾಯಪಟ್ಟಿತು. ಅದರ ಬೆನ್ನಲ್ಲೇ ಕಾಂಗ್ರೆಸ್ಸು ಜವಾಹರಲಾಲ ನೆಹರು, ವಲ್ಲಭಭಾಯಿ ಪಟೇಲ, ಪಟ್ಟಾಭಿ ಸೀತಾರಾಮಯ್ಯ ಈ ಮೂವರ ಸಮಿತಿಯನ್ನು ಕೂರಿಸಿತು. 1949ರ ಅದರ ವರದಿಯೂ ಕಾಯಿರಿ ಎಂದೇ ಹೇಳಿತು. ದೇಶವು ಆಗತಾನೆ ಎರಡಾಗಿ ಒಡೆದಿದ್ದುದರಿಂದ ಹಿರಿಯರ ಅಂಜಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೂ ಕಾಯುವುದಕ್ಕೂ ಒಂದು ಮಿತಿಯುಂಟು. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ ಮಡಿದ ಮೇಲೆ ಆಂಧ್ರ ರಾಜ್ಯವು 1953ರ ಅಕ್ಟೋಬರ್ 1ರಂದು ಹುಟ್ಟಿತು. ಅದೇ ದಿನ ಬಳ್ಳಾರಿ ಜಿಲ್ಲೆಯು ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಉಳಿದವು ಮೈಸೂರಿಗೂ ಸೇರಿದುವು. ಬಳ್ಳಾರಿಗಾಗಿ ಪೈಲ್ವಾನ್ ರಂಜಾನ್ ಸಾಬರು ಪ್ರಾಣವನ್ನೇ ತೆತ್ತರು. ಅದೇ ವರ್ಷ ಅದರಗುಂಚಿಯ ಶಂಕರಗೌಡರು ಏಕೀಕರಣಕ್ಕಾಗಿ ಉಪವಾಸ ಹೂಡಿದರು. ಇನ್ನು ತಡೆಯಲಾಗದೆಂದು ಕಂಡ ಭಾರತ ಸರಕಾರವು 1953ರ ಡಿಸೆಂಬರಿನಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು.

ಇದರ ಅಧ್ಯಕ್ಷರು ಸೈಯದ್ ಫಜಲ್ ಆಲಿ. ಸದಸ್ಯರು ಹೃದಯನಾಥ ಕುಂಜ್ರು ಮತ್ತು ಸರದಾರ ಕೆ. ಎಂ. ಪಣಿಕ್ಕರ್. ಇವರು ಕೆಲಸ ನಡೆಯಿಸಿದ ರೀತಿಯು ಗಮನಾರ್ಹವಾದುದು. ಅವರಿಗೆ ಬಂದ ಬಿನ್ನವತ್ತಳೆಗಳೂ ಪತ್ರಗಳೂ 1,52,250; ಕಂಡು ಮಾತನಾಡಿದ ಜನರು ಒಂಬತ್ತು ಸಾವಿರಕ್ಕೂ ಮಿಕ್ಕವರು; ಹೋದ ಸ್ಥಳಗಳು 104; ಸಂಚರಿಸಿದ ದೂರ ಮೂವತ್ತೆಂಟು ಸಾವಿರ ಮೈಲಿಗಿಂತ ಹೆಚ್ಚು. ಇನಾಮು ಕಮಿಷನ್ನಿನ ಮುಂದೆ ಸನದು ಹಿಡಿದು ನಡುಗುತ್ತ ನಿಂತವರ ಮರಿಮಕ್ಕಳು ಈ ಆಯೋಗದ ಮುಂದೆ ತಮ್ಮ ನಾಡು ಯಾವುದೆಂದು ಹೇಳುವುದಕ್ಕೆ ನಿಂತರು. ಆಯೋಗದ ಅಧಿಕಾರವು ಬೆಳೆದಿರಲಿಲ್ಲ. ಪ್ರಜೆಯ ಸ್ಥಾನವು ಬೆಳೆದಿತ್ತು.

1955ರ ಸೆಪ್ಟೆಂಬರ್ 30ರಂದು ವರದಿಯು ಸರಕಾರದ ಕೈಸೇರಿತು. ಹದಿನಾರು ರಾಜ್ಯಗಳು, ಕೇಂದ್ರದ ಆಡಳಿತಕ್ಕೊಳಪಟ್ಟ ಮೂರು ಪ್ರದೇಶಗಳು, ಇದು ಅವರ ಸಲಹೆ. ಮೈಸೂರು, ಕೊಡಗು, ಮುಂಬಯಿಯ ಕನ್ನಡ ಜಿಲ್ಲೆಗಳು, ದಕ್ಷಿಣ ಕನ್ನಡ, ಕೊಳ್ಳೇಗಾಲ, ರಾಯಚೂರು, ಕಲಬುರ್ಗಿ ಕೂಡಿ ಕರ್ನಾಟಕವೆಂಬ ಹೆಸರಿನ ಒಂದೇ ರಾಜ್ಯವಾಗಬೇಕೆಂದಿತು. ಎರಡು ಕನ್ನಡ ರಾಜ್ಯಗಳಿರಲೆಂದು ಹಳೆಯ ಮೈಸೂರಿನಲ್ಲಿ ಕೆಲವರು ವಾದಿಸಿದ್ದರು. ಉತ್ತರದ ಜಿಲ್ಲೆಗಳು ಹಿಂದುಳಿದಿವೆ, ಅವುಗಳ ಭಾರವು ಮೈಸೂರಿನ ಬೊಕ್ಕಸಕ್ಕೆ ಬೀಳುವುದೆಂಬುದು ಅವರ ಒಂದು ಮಾತು. ಇನ್ನೊಂದು ಮಾತು ವೀರಶೈವ ಸಮಾಜವನ್ನು ಕುರಿತದ್ದು: ಒಂದಾದ ರಾಜ್ಯದಲ್ಲಿ ಲಿಂಗವಂತರ ಪ್ರಾಬಲ್ಯವಾಗುವುದೆಂಬ ಶಂಕೆ. ಆಯೋಗವು ಇದನ್ನು ಮುಚ್ಚಿಡದೆ ಎತ್ತಿಕೊಂಡು, ಮೈಸೂರಿನ ಹೊರಗಣ ಕನ್ನಡ ಪ್ರದೇಶಗಳಲ್ಲಿ ಲಿಂಗವಂತರು ನೂರಕ್ಕೆ 35ರಿಂದ 40ರಷ್ಟಿದ್ದರೂ, ಕೂಡಿದ ರಾಜ್ಯದಲ್ಲಿ ನೂರಕ್ಕೆ 20ಕ್ಕಿಂತ ತುಸು ಹೆಚ್ಚಾದಾರೆಂಬ ಅಂದಾಜನ್ನು ಮುಂದಿಟ್ಟು, ಯಾವ ಒಂದು ಸಮಾಜವೂ ಇತರರನ್ನು ಆಳುವಂತಿಲ್ಲವೆಂದು ತೋರಿಸಿತು. ಜಾತಿಯ ಲೆಕ್ಕದಿಂದ ನಾಡಿನ ಲೆಕ್ಕವನ್ನು ಅಳೆಯುವುದು ಬಸವಣ್ಣನವರ ಮಾರ್ಗದವರಿಗೆ ಹಿತವಾದುದಲ್ಲ. ಆದರೂ ಶಂಕೆಯನ್ನು ಬೈದು ಅಟ್ಟುವುದಕ್ಕಿಂತ ಅಂಕಿಯಿಂದ ಕಳೆಯುವುದು ಮೇಲು. ಮೈಸೂರಿನ ಮುಖ್ಯಮಂತ್ರಿಗಳಾಗಿದ್ದ ಕೆಂಗಲ್ ಹನುಮಂತಯ್ಯನವರು ತಮ್ಮ ಕಡೆಯವರ ವಿರೋಧವಿದ್ದರೂ ಏಕೀಕರಣದ ಪಕ್ಷವನ್ನು ಹಿಡಿದುದು ಇಲ್ಲಿ ಸ್ಮರಣೀಯವಾಗಿದೆ.

ಇಷ್ಟೆಲ್ಲ ಅನುಕೂಲವಾಗಿದ್ದ ವರದಿಯಲ್ಲಿ ಎರಡು ಕಡೆ ಕನ್ನಡಿಗರ ಎದೆ ಧಸಕ್ಕೆಂದಿತು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ತುಂಗಭದ್ರಾ ಯೋಜನೆಯ ನಿಮಿತ್ತದಿಂದ ಆಂಧ್ರಕ್ಕೆ ಕೊಡಬೇಕೆಂದಿತ್ತು. ಮತ್ತೆ ಬೀದರ ಜಿಲ್ಲೆ. ಅಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಇದ್ದು, ಯಾವ ಭಾಷೆಗೂ ಅರ್ಧಕ್ಕಿಂತ ಹೆಚ್ಚಿನ ಪಾಲಿರಲಿಲ್ಲ. ಆದುದರಿಂದ ಅದನ್ನು ತೆಲಂಗಾಣದ ಜಿಲ್ಲೆಗಳೊಡನೆ ಹೈದರಾಬಾದು ರಾಜ್ಯದಲ್ಲಿಯೇ ಇಡತಕ್ಕುದೆಂದು ಆಯೋಗವು ಬರೆಯಿತು. ಕಲ್ಯಾಣವಿದ್ದುದು ಆ ಜಿಲ್ಲೆಯಲ್ಲಿ. ಕರ್ನಾಟಕವೆಂಬ ರಾಜ್ಯವು ಹುಟ್ಟಿ, ಅದರಲ್ಲಿ ಕಲ್ಯಾಣವಿಲ್ಲದೆ ಹೋಗುವ ಪ್ರಸಂಗ!

ಈ ಬೀದರ ಸೀಮೆಯಲ್ಲಿ ಕನ್ನಡವು ಉಳಿದುದಾದರೂ ಹೇಗೆ ಎಂಬುದನ್ನು ಭಕ್ತರು ಬಲ್ಲರು. ನಿಜಾಮರ ಕಾಲದಲ್ಲಿ ಕಚೇರಿಯ ಮಾತೂ ಶಾಲೆಯ ಮಾತೂ ಉರ್ದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆಯನ್ನು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದುದು ಪ್ರಸಿದ್ಧವಾಗಿದೆ. ಆಯೋಗದವರು ಎಣಿಸಿದ ಕನ್ನಡಿಗರ ಸಂಖ್ಯೆಯ ಹಿಂದೆ ಇಂತಹ ಶಾಲೆಗಳಿದ್ದುವು. ಜನಗಣತಿಯ ಪಟ್ಟಿಯಲ್ಲಿ ಅವು ಕಾಣುವುದಿಲ್ಲ.

ಆಯೋಗದ ಮಾತು ಕಡೆಯ ಮಾತಲ್ಲವೆಂಬುದು ಕರ್ನಾಟಕಕ್ಕೆ ಆಗ ಉಪಕಾರವಾಯಿತು. ಬಳ್ಳಾರಿಯ ವಿಷಯದ ಸಲಹೆಯನ್ನು ಸರಕಾರವು ಕೈಬಿಟ್ಟು ಆ ತಾಲ್ಲೂಕುಗಳನ್ನು ಮೈಸೂರಿನಲ್ಲಿಯೇ ಇಟ್ಟಿತು. ತೆಲಂಗಾಣವನ್ನು ಆಂಧ್ರದೊಡನೆ ಸೇರಿಸುವುದೆಂದು ಗೊತ್ತಾದಾಗ, ಬೀದರನ್ನು ಇಡಿಯಾಗಿ ಹೈದರಾಬಾದಿನಲ್ಲಿಡುವ ಕಾರಣವೇ ಉಳಿಯಲಿಲ್ಲ. ಜಿಲ್ಲೆಯನ್ನು ಭಾಷೆಗನುಸಾರವಾಗಿ ಒಡೆದರು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೆ ಹೋದುವು. ಜಹೀರಾಬಾದು, ನಾರಾಯಣಖೇಡ ಆಂಧ್ರಕ್ಕೆ. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೊದಲಾದುವು ಕನ್ನಡ ರಾಜ್ಯಕ್ಕೆ. ಕಲ್ಯಾಣವು ಅವುಗಳೊಡನೆ ಬಂದಿತು. 1956ರ ನವೆಂಬರ್ 1ರಂದು ಹೊಸ ರಾಜ್ಯವು ಉದಯಿಸಿ, ಎಸ್. ನಿಜಲಿಂಗಪ್ಪನವರು ಅದರ ಮೊದಲ ಮುಖ್ಯಮಂತ್ರಿಗಳಾದರು. ಆಯೋಗವು ಸೂಚಿಸಿದ್ದ ಕರ್ನಾಟಕವೆಂಬ ಹೆಸರು ಮಾತ್ರ ಆಗ ಸಿಕ್ಕದೆ, 1973ರ ನವೆಂಬರ್ 1ರ ವರೆಗೆ ಕಾಯಬೇಕಾಯಿತು.

ಎಲ್ಲವೂ ಬಂದಿತೆಂದಲ್ಲ. ಕಾಸರಗೋಡು ಕೇರಳಕ್ಕೆ ಹೋಯಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮುಂಬಯಿಯಲ್ಲಿಯೇ ನಿಂತುವು. ಬೆಳಗಾವಿಯ ಮೇಲಣ ಮಹಾರಾಷ್ಟ್ರದ ಹಕ್ಕುವಾದಕ್ಕಾಗಿ 1966ರಲ್ಲಿ ನೇಮಕವಾದ ಮೆಹರಚಂದ ಮಹಾಜನರ ಆಯೋಗವು 1967ರಲ್ಲಿ ವರದಿಯಿತ್ತು. ಬೆಳಗಾವಿ ನಗರವು ಮೈಸೂರಿನಲ್ಲಿಯೇ ಇರಲೆಂದೂ, ಕೆಲವು ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಲೆಂದೂ, ಜತ್ತ, ಅಕ್ಕಲಕೋಟೆ ಮೊದಲಾದ ಕಡೆಯ ಹಳ್ಳಿಗಳೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡೂ ಮೈಸೂರಿಗೆ ಬರಲೆಂದೂ ಅದು ಹೇಳಿತು. ಮಹಾರಾಷ್ಟ್ರವು ಒಪ್ಪಲಿಲ್ಲ, ವರದಿಯು ಜಾರಿಗೆ ಬರಲಿಲ್ಲ. 1956ರಲ್ಲಿ ಕಲ್ಯಾಣವನ್ನು ಉಳಿಸಿಕೊಟ್ಟ ಸರಕಾರದ ಸ್ವಾತಂತ್ರ್ಯವೇ ಈ ಸಾರಿ ಕನ್ನಡಿಗರ ಕೈಗೆ ಬಂದುದನ್ನು ಬಾಯಿಗೆ ಬಾರದಂತೆ ಮಾಡಿತು. 2004ರಲ್ಲಿ ಮಹಾರಾಷ್ಟ್ರವು ಇದೇ ವ್ಯಾಜ್ಯವನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದಿತು.

ಸೊಲ್ಲಾಪುರದಲ್ಲಿ ಹುಟ್ಟಿ, ಮರಾಠಿಯಲ್ಲಿ ಓದಿ, ಕನ್ನಡದಲ್ಲಿ ಸಿದ್ಧರಾಮೇಶ್ವರನ ಪುರಾಣವನ್ನು ರಚಿಸಿದ ಜಯದೇವಿತಾಯಿ ಲಿಗಾಡೆಯವರು ಏಕೀಕರಣಕ್ಕಾಗಿ ದುಡಿದವರು. ತಮ್ಮ ಊರು ಕರ್ನಾಟಕಕ್ಕೆ ಬಾರದುದನ್ನು ಕಂಡು, ಕಡೆಗೆ ತಾವೇ ಬಸವಕಲ್ಯಾಣಕ್ಕೆ ಬಂದು ನೆಲಸಿದರು. ಸೊಲ್ಲಾಪುರದಲ್ಲಿ ಮಕರ ಸಂಕ್ರಾಂತಿಗೆ ನಂದಿಧ್ವಜಗಳು ಹೊರಡುವಾಗ, ಕನ್ನಡನಾಡಿನ ಭಕ್ತರು ಈಗಲೂ ಗಡಿಯನ್ನು ದಾಟಿ ಸಿದ್ಧರಾಮನ ಗದ್ದುಗೆಗೆ ಹೋಗಿಬರುತ್ತಾರೆ.