ಹಾಸಿಗೆ ಹುಣ್ಣು, ನರ್ಸಿನ ಕಣ್ಣು

ಪಾರ್ಶ್ವವಾಯು ಬಡಿದವರು, ಸೊಂಟದ ಮೂಳೆ ಮುರಿದವರು, ಪ್ರಜ್ಞೆ ತಪ್ಪಿ ಐಸಿಯುನಲ್ಲಿರುವವರು, ಹೀಗೆ ತಾವಾಗಿ ಮಗ್ಗುಲು ಬದಲಿಸಲಾಗದ ಯಾರಿಗಾದರೂ ಬರಬಹುದಾದ ಗಾಯ ಹಾಸಿಗೆ ಹುಣ್ಣು. ವಾರ್ಡಿನ ಮಾತಿನಲ್ಲಿ ಬೆಡ್ ಸೋರ್. ಬಂದ ಮೇಲೆ ತಿಂಗಳುಗಟ್ಟಲೆ ಕಾಡುವ ಇದನ್ನು ಬಾರದಂತೆ ತಡೆಯುವುದು ಬಹುಮಟ್ಟಿಗೆ ನರ್ಸ್ ಕೈಯಲ್ಲಿದೆ.

ಏಕೆ ಆಗುತ್ತದೆ

ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮ, ಮಾಂಸಕ್ಕೆ ರಕ್ತ ಹರಿಯದಿದ್ದರೆ ಆ ಭಾಗ ಸಾಯತೊಡಗುತ್ತದೆ. ಬೆನ್ನಿನ ಬುಡ, ಹಿಮ್ಮಡಿ, ಸೊಂಟದ ಪಕ್ಕಗಳಿಗೆ ಅಪಾಯ ಹೆಚ್ಚು. ಒರಗಿ ಕೂತ ರೋಗಿ ಮೆಲ್ಲಗೆ ಕೆಳಕ್ಕೆ ಜಾರಿದರೆ ಚರ್ಮ ಹಾಸಿಗೆಗೆ ಅಂಟಿಕೊಂಡು ಮೂಳೆ ಮಾತ್ರ ಸರಿಯುತ್ತದೆ. ಆ ಎಳೆತವೂ ಹುಣ್ಣಿಗೆ ದಾರಿ.

ಅಂಕಪಟ್ಟಿ

ಇಂಗ್ಲೆಂಡಿನ ನರ್ಸ್ ಡೊರೀನ್ ನಾರ್ಟನ್ 1962ರಲ್ಲಿ ವೃದ್ಧ ರೋಗಿಗಳ ಅಪಾಯ ಅಳೆಯುವ ಪಟ್ಟಿಯೊಂದನ್ನು ಕೊಟ್ಟರು. ಈಗ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಬಾರ್ಬರಾ ಬ್ರೇಡನ್, ನ್ಯಾನ್ಸಿ ಬರ್ಗ್‌ಸ್ಟ್ರಾಮ್ ರೂಪಿಸಿದ ಬ್ರೇಡನ್ ಮಾಪಕ. ನೋವಿನ ಅರಿವು, ತೇವ, ಓಡಾಟ, ಹೊರಳುವ ಶಕ್ತಿ, ಆಹಾರ, ಉಜ್ಜಾಟ ಎಂಬ ಆರು ಬಾಬತ್ತುಗಳಿಗೆ ಒಟ್ಟು 6ರಿಂದ 23 ಅಂಕ. ಸಾಮಾನ್ಯವಾಗಿ 18 ಅಥವಾ ಕಡಿಮೆ ಬಂದರೆ ಎಚ್ಚರ. ಆದರೆ ರಾತ್ರಿ ಏರಿದ ಜ್ವರಕ್ಕಾಗಲಿ, ಇಳಿದ ರಕ್ತದೊತ್ತಡಕ್ಕಾಗಲಿ ಇಲ್ಲಿ ಅಂಕವಿಲ್ಲ. ಬೆಳಿಗ್ಗೆ 19 ಬಂದವರನ್ನು ಸಂಜೆ ಮತ್ತೆ ನೋಡಬೇಕೆ ಎಂಬುದನ್ನು ನರ್ಸ್ ತೀರ್ಮಾನಿಸಬೇಕು.

ಕಪ್ಪು ಮೈಯಲ್ಲಿ ಕೆಂಪು ಕಾಣದು

ಬೆರಳಿಂದ ಒತ್ತಿದರೂ ಬಿಳಿಚದ ಕೆಂಪು ಮೊದಲ ಹಂತದ ಗುರುತು ಎನ್ನುತ್ತವೆ ಪಠ್ಯಪುಸ್ತಕಗಳು. ಬಿಳಿ ಚರ್ಮವನ್ನು ಮುಂದಿಟ್ಟುಕೊಂಡು ಹೇಳಿದ ಮಾತದು. ನಮ್ಮ ವಾರ್ಡುಗಳ ಕಂದು, ಕಪ್ಪು ಮೈಗಳಲ್ಲಿ ಅದು ಎದ್ದು ಕಾಣುವುದಿಲ್ಲ. ಅನುಭವಿ ನರ್ಸ್ ಅಂಗೈ ಹಿಂಭಾಗವನ್ನು ಸೋಕಿಸಿ ನೋಡುತ್ತಾರೆ: ಸುತ್ತಲಿಗಿಂತ ಬಿಸಿಯೋ ತಣ್ಣಗೋ, ಗಟ್ಟಿಯೋ ಮೆತ್ತಗೋ? ಎಡ ಹಿಮ್ಮಡಿಯನ್ನು ಬಲದ್ದಕ್ಕೆ ಹೋಲಿಸುತ್ತಾರೆ. "ಅಲ್ಲಿ ಉರೀತದೆ ಸಿಸ್ಟರ್" ಎಂದು ರೋಗಿ ಹೇಳಿದರೆ, ಚರ್ಮ ಸರಿಯಾಗಿಯೇ ಕಂಡರೂ ನಂಬುತ್ತಾರೆ.

ಹೊರಳಿಸುವ ಕ್ರಮ

ಎರಡು ಗಂಟೆಗೊಮ್ಮೆ ಎಂಬುದು ರೂಢಿ, ಎಲ್ಲರಿಗೂ ಒಪ್ಪುವ ಲೆಕ್ಕವಲ್ಲ. ಬಡಕಲು ಮೈಗೆ ಅದು ಸಾಲದಿರಬಹುದು. ಒಳ್ಳೆಯ ಫೋಮ್ ಹಾಸಿಗೆಯಿದ್ದರೆ ಕೆಲವರನ್ನು ಇನ್ನಷ್ಟು ಹೊತ್ತು ಮಲಗಲು ಬಿಡಬಹುದು. ಪೂರ್ತಿ ಪಕ್ಕಕ್ಕೆ ತಿರುಗಿಸದೆ ಸುಮಾರು 30 ಡಿಗ್ರಿ ವಾಲಿಸಿ ಬೆನ್ನಿಗೆ ದಿಂಬು ಕೊಡಬೇಕು. ಮೀನಖಂಡದಡಿ ಇನ್ನೊಂದು ದಿಂಬಿಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗದು. ಕೆಂಪಾದ ಜಾಗವನ್ನು ತಿಕ್ಕಬಾರದು. ಮನೆಯವರು ಅಕ್ಕರೆಯಿಂದ ತರುವ ಗಾಳಿ ತುಂಬಿದ ಬಳೆಯಾಕಾರದ ಟ್ಯೂಬೂ ಬೇಡ, ಅದರ ಅಂಚು ಸುತ್ತಲಿನ ರಕ್ತಸಂಚಾರವನ್ನೇ ತಡೆಯುತ್ತದೆ. ಮೂಳೆ ಮುರಿದವರು ಮುಟ್ಟಗೊಡದಿದ್ದರೆ ಬಲವಂತ ಮಾಡುವಂತಿಲ್ಲ. ವೈದ್ಯರು ಬರೆದ ನೋವಿನ ಮಾತ್ರೆ ಕೊಟ್ಟು, ಅದು ಹಿಡಿದ ಮೇಲೆ ಹೊರಳಿಸುವುದು ಮೇಲು.