ಯೂರಿಯಾ ಚೀಲದ ಅರ್ಧ ಗಾಳಿಗೆ, ನೀರಿಗೆ: ಹೈದರಾಬಾದ್ ಪಕ್ಕದ ಎರೆ ಹೊಲಗಳು ಹೇಳುವ ಸಾರಜನಕದ ಲೆಕ್ಕ

2025ರ ಮುಂಗಾರಿನಲ್ಲಿ ಕರ್ನಾಟಕ ಮತ್ತು ತೆಲಂಗಾಣ ಎರಡೂ ರಾಜ್ಯಗಳ ರೈತರು ಯೂರಿಯಾಕ್ಕಾಗಿ ಸೊಸೈಟಿಗಳ ಮುಂದೆ ಸಾಲುಗಟ್ಟಿ ನಿಂತಿದ್ದರು. ಮೆಕ್ಕೆಜೋಳದ ಬಿತ್ತನೆ ಹೆಚ್ಚಾಗಿತ್ತು, ಪೂರೈಕೆ ಸಾಲಲಿಲ್ಲ. ಯಾರ ತಪ್ಪು ಎಂಬ ರಾಜಕೀಯ ಜಗಳ ವಾರಗಟ್ಟಲೆ ನಡೆಯಿತು. ಆದರೆ ಅಷ್ಟು ಕಷ್ಟಪಟ್ಟು ತಂದ ಚೀಲದಲ್ಲಿ ಬೆಳೆಗೆ ನಿಜವಾಗಿ ಎಷ್ಟು ಸೇರುತ್ತದೆ ಎಂಬ ಪ್ರಶ್ನೆ ಮಾತ್ರ ಹೆಚ್ಚು ಕೇಳಿಬರಲಿಲ್ಲ.

ಸರಾಸರಿ ನೋಡಿದರೆ ಅರ್ಧಕ್ಕಿಂತಲೂ ಕಡಿಮೆ. ಉಳಿದದ್ದು ಅಂತರ್ಜಲಕ್ಕೆ ಇಳಿಯುತ್ತದೆ ಇಲ್ಲವೇ ಗಾಳಿಗೆ ಹಾರುತ್ತದೆ. ಹಾರುವುದರಲ್ಲಿ ಒಂದು ಪಾಲು ಭೂಮಿಯನ್ನು ಬಿಸಿ ಮಾಡುವ ಅನಿಲವೂ ಹೌದು. ಈ ಸೋರಿಕೆಯನ್ನು ತಡೆಯುವ ದಾರಿಗಳನ್ನು ದಶಕಗಳಿಂದ ಹುಡುಕುತ್ತಿರುವ ಜಾಗವೊಂದು ನಮ್ಮ ಬೀದರ್, ಕಲಬುರಗಿಗಳಿಗೆ ಹತ್ತಿರದಲ್ಲೇ ಇದೆ. ಹೈದರಾಬಾದ್‌ನಿಂದ ಮುಂಬೈ ಹೆದ್ದಾರಿ ಹಿಡಿದು ಹೊರಟರೆ ಪಟಾನ್‌ಚೆರುವಿನಲ್ಲಿ ಸಿಗುವ ಇಕ್ರಿಸ್ಯಾಟ್, ಅಂದರೆ ಅರೆ ಒಣ ಉಷ್ಣ ಪ್ರದೇಶಗಳ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ. 1972ರಲ್ಲಿ ಶುರುವಾದ ಈ ಸಂಸ್ಥೆಯ ಆವರಣದಲ್ಲಿ ಎರೆ ಭೂಮಿಯೂ ಇದೆ, ಕೆಂಪು ಮಣ್ಣೂ ಇದೆ. ಕಲ್ಯಾಣ ಕರ್ನಾಟಕದ ಹೊಲವನ್ನೇ ಎತ್ತಿ ತಂದಿಟ್ಟಂತೆ ಅನ್ನಿ.

ಗಾಳಿಯಲ್ಲಿ ತುಂಬಿದೆ, ಗಿಡಕ್ಕೆ ದಕ್ಕದು

ನಾವು ಉಸಿರಾಡುವ ಗಾಳಿಯಲ್ಲಿ ಶೇ 78ರಷ್ಟು ಸಾರಜನಕವೇ. ಆದರೆ ಅದರ ಎರಡು ಪರಮಾಣುಗಳು ಎಷ್ಟು ಬಿಗಿಯಾಗಿ ಕೂಡಿಕೊಂಡಿವೆ ಎಂದರೆ ಯಾವ ಗಿಡಕ್ಕೂ ಅದನ್ನು ನೇರವಾಗಿ ಬಳಸಲು ಆಗುವುದಿಲ್ಲ. ಆ ಬಂಧವನ್ನು ಮುರಿಯಲು ಪ್ರಕೃತಿಯಲ್ಲಿ ಇರುವುದು ಮುಖ್ಯವಾಗಿ ಎರಡು ದಾರಿ: ಸಿಡಿಲು ಮತ್ತು ಕೆಲವು ಬ್ಯಾಕ್ಟೀರಿಯಾಗಳು. ಬೇಳೆಕಾಳು ಗಿಡಗಳ ಬೇರಿನಲ್ಲಿ ಗಂಟು ಕಟ್ಟಿಕೊಂಡು ಬದುಕುವ ರೈಜೋಬಿಯಂ ಇವುಗಳಲ್ಲಿ ಪ್ರಸಿದ್ಧ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ, ಅದು ಗಿಡಕ್ಕೆ ಸಾರಜನಕ ಕೊಡುತ್ತದೆ.

ಮನುಷ್ಯ ಮೂರನೇ ದಾರಿ ಕಂಡುಕೊಂಡದ್ದು ಇಪ್ಪತ್ತನೇ ಶತಮಾನದಲ್ಲಿ. ಜರ್ಮನಿಯ ಫ್ರಿಟ್ಜ್ ಹೇಬರ್ 1909ರಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದರು, 1913ರಲ್ಲಿ ಉತ್ಪಾದನೆ ಶುರುವಾಯಿತು. ಈ ತಂತ್ರ ಭಾರತಕ್ಕೆ ಬಂದಾಗ ಮೊದಲು ಕಾಲಿಟ್ಟ ಜಾಗಗಳಲ್ಲಿ ಮೈಸೂರು ಬಳಿಯ ಬೆಳಗೊಳವೂ ಒಂದು. ಅಲ್ಲಿನ ಗೊಬ್ಬರ ಕಾರ್ಖಾನೆ 1930ರ ದಶಕದ ಕೊನೆಯದು.

ಇಂದು ಜಗತ್ತಿನ ಅನ್ನದ ದೊಡ್ಡ ಪಾಲು ಈ ಕಾರ್ಖಾನೆಯ ಸಾರಜನಕದಿಂದಲೇ ಬರುತ್ತಿದೆ. ಅದನ್ನು ಮರೆತು ಯೂರಿಯಾವನ್ನು ವಿಷ ಎಂದು ಬೈಯುವುದು ಸುಲಭ, ನ್ಯಾಯವಲ್ಲ.

ಚೀಲದಿಂದ ಬೇರಿಗೆ ಹೋಗುವ ದಾರಿಯಲ್ಲಿ

45 ಕಿಲೋ ತೂಕದ ಒಂದು ಯೂರಿಯಾ ಚೀಲದಲ್ಲಿ ಶೇ 46ರಷ್ಟು ಸಾರಜನಕ, ಅಂದರೆ 20 ಕಿಲೋಗಿಂತ ಸ್ವಲ್ಪ ಹೆಚ್ಚು ಇರುತ್ತದೆ. ಮಣ್ಣಿಗೆ ಬಿದ್ದ ಯೂರಿಯಾ ಮೊದಲು ಅಮೋನಿಯಂ ಆಗುತ್ತದೆ. ತೇವ ಸಾಲದ ಬಿಸಿ ಮಣ್ಣಿನ ಮೇಲೆ ಹಾಗೇ ಎರಚಿ ಬಿಟ್ಟರೆ ಈ ಹಂತದಲ್ಲೇ ಸ್ವಲ್ಪ ಭಾಗ ಅಮೋನಿಯಾ ಅನಿಲವಾಗಿ ಹಾರುತ್ತದೆ. ಎರೆ ಮಣ್ಣು ಕ್ಷಾರೀಯವಾದ್ದರಿಂದ ಅಲ್ಲಿ ಈ ನಷ್ಟ ಇನ್ನೂ ಜಾಸ್ತಿ. ಮೇಲುಗೊಬ್ಬರವನ್ನು ಸಾಲಿನ ಪಕ್ಕ ಹಾಕಿ ಎಡೆಕುಂಟೆ ಹೊಡೆದು ಮುಚ್ಚಿ ಎನ್ನುವುದು ಇದಕ್ಕೇ.

ಅಮೋನಿಯಂ ಮಣ್ಣಿನ ಕಣಗಳಿಗೆ ಅಂಟಿಕೊಂಡಿರುತ್ತದೆ, ಸುಲಭಕ್ಕೆ ಕೊಚ್ಚಿ ಹೋಗುವುದಿಲ್ಲ. ತೊಂದರೆ ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟ್ ಮಣ್ಣಿಗೆ ಅಂಟುವುದಿಲ್ಲ, ನೀರು ಹೋದಲ್ಲೆಲ್ಲ ಹೋಗುತ್ತದೆ. ಜೋರು ಮಳೆಯಾದರೆ ಬೇರಿನ ಆಳ ದಾಟಿ ಬೋರ್‌ವೆಲ್ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ಮಾನದಂಡ. ಮೀರಿದರೆ ಹಾಲುಗೂಸುಗಳ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಳ್ಳುವ ಅಪಾಯವಿದೆ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಹೆಚ್ಚುಕಡಿಮೆ ಅರ್ಧದಷ್ಟು ಮಾದರಿಗಳು ಈ ಮಿತಿ ದಾಟಿದ್ದವು. ಅದಕ್ಕೆ ಗೊಬ್ಬರವೊಂದೇ ಕಾರಣವಲ್ಲ, ಊರಿನ ಕೊಳಚೆಯೂ ಸೇರಿದೆ.

ಮಣ್ಣಿನಲ್ಲಿ ನೀರು ನಿಂತು ಗಾಳಿ ಕಡಿಮೆಯಾದಾಗ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆಯುತ್ತವೆ. ಆಗ ಹೊರಬರುವ ಅನಿಲಗಳಲ್ಲಿ ನೈಟ್ರಸ್ ಆಕ್ಸೈಡ್ ಒಂದು. ನೂರು ವರ್ಷಗಳ ಲೆಕ್ಕದಲ್ಲಿ ಇದರ ಒಂದು ಕಿಲೋ, ಇಂಗಾಲದ ಡೈಆಕ್ಸೈಡಿನ 273 ಕಿಲೋಗೆ ಸಮ. ಎಕರೆಗೆ ಮೂರು ಚೀಲ ಯೂರಿಯಾ ಹಾಕುವ ಮೆಕ್ಕೆಜೋಳದ ಹೊಲವನ್ನೇ ತೆಗೆದುಕೊಳ್ಳಿ. ಹಾಕಿದ ಸಾರಜನಕದ ಶೇ 1ರಷ್ಟು ಹೀಗೆ ಹೋಗುತ್ತದೆ ಎಂಬ ಐಪಿಸಿಸಿಯ ಸಾಮಾನ್ಯ ಸೂತ್ರ ಹಿಡಿದರೆ, ಒಂದು ಬೆಳೆಗೆ ಸುಮಾರು 265 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊರಸೂಸುವಿಕೆ. ಒಣ ಪ್ರದೇಶಗಳಲ್ಲಿ ಇದರ ಅರ್ಧ ಎಂದು ಹಿಡಿಯುತ್ತಾರೆ.

1976ರಿಂದ ನಡೆಯುತ್ತಿರುವ ಪ್ರಯೋಗ

ಪಟಾನ್‌ಚೆರುವಿನ ಎರೆ ಭೂಮಿಯಲ್ಲಿ 1976ರಲ್ಲಿ ಎರಡು ಬಗೆಯ ಬೇಸಾಯವನ್ನು ಅಕ್ಕಪಕ್ಕದಲ್ಲಿ ಶುರು ಮಾಡಿದರು. ಒಂದು ಕಡೆ ಆ ಕಾಲದ ರೈತರ ಪದ್ಧತಿ: ಮುಂಗಾರಿನಲ್ಲಿ ಹೊಲ ಬೀಳು ಬಿಟ್ಟು, ಹಿಂಗಾರಿನಲ್ಲಿ ಜೋಳ ಅಥವಾ ಕಡಲೆ. ಇನ್ನೊಂದು ಕಡೆ ಅಗಲ ಮಡಿ ಮತ್ತು ಕಾಲುವೆ ಮಾಡಿ, ಮಳೆಗೆ ಮುಂಚೆಯೇ ಒಣ ಬಿತ್ತನೆ ಮಾಡಿ, ಜೋಳದ ಜೊತೆ ತೊಗರಿ.

ಮೂರು ದಶಕಗಳ ಸರಾಸರಿ ನೋಡಿದಾಗ ಹಳೆಯ ಪದ್ಧತಿಯಲ್ಲಿ ಹೆಕ್ಟೇರಿಗೆ 1.1 ಟನ್ ಕಾಳು, ಸುಧಾರಿತ ಪದ್ಧತಿಯಲ್ಲಿ 5.1 ಟನ್. ಮಣ್ಣಿನಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 330 ಕಿಲೋ ಇಂಗಾಲವೂ ಹೆಚ್ಚುವರಿಯಾಗಿ ಸೇರಿತ್ತು. ಬದುಗಳ ಮೇಲೆ ಗ್ಲಿರಿಸಿಡಿಯಾ, ಅಂದರೆ ನಮ್ಮಲ್ಲಿ ಗೊಬ್ಬರದ ಗಿಡ ಎನ್ನುವುದನ್ನು ನೆಟ್ಟು ಸೊಪ್ಪು ಕತ್ತರಿಸಿ ಹೊಲಕ್ಕೆ ಹಾಕಿದರೆ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 30 ಕಿಲೋ ಸಾರಜನಕ ಸಿಗುತ್ತದೆ ಎಂಬುದೂ ಇಲ್ಲಿನ ಕೆಲಸದಿಂದಲೇ ಗೊತ್ತಾದದ್ದು. ಒಂದೂವರೆ ಚೀಲ ಯೂರಿಯಾದಷ್ಟು, ಅದೂ ಬದುವಿನ ಮೇಲೆ.

ಇದನ್ನು ಹೇಳುವಾಗ ಒಂದು ಮಾತು ಬಿಡಬಾರದು. ಸುಧಾರಿತ ಹೊಲ ರಾಸಾಯನಿಕ ಗೊಬ್ಬರ ಬಿಟ್ಟ ಹೊಲವಾಗಿರಲಿಲ್ಲ. ಹೆಕ್ಟೇರಿಗೆ 60 ಕಿಲೋ ಸಾರಜನಕ, 20 ಕಿಲೋ ರಂಜಕ ಕೊಟ್ಟಿದ್ದರು. ಗೆದ್ದದ್ದು ಗೊಬ್ಬರವೊಂದೇ ಅಲ್ಲ, ಗೊಬ್ಬರ ಇಲ್ಲದಿರುವುದೂ ಅಲ್ಲ. ನೀರು ನಿಲ್ಲದ ಮಡಿ, ಮುಂಗಾರಿನಲ್ಲೂ ಹೊಲದಲ್ಲಿ ಬೇರು ಇರುವುದು, ಜೊತೆಗೆ ತೊಗರಿ, ಇವೆಲ್ಲ ಸೇರಿ. ಹಳೇ ಮೈಸೂರು ಕಡೆ ರಾಗಿಯ ನಡುವೆ ಅವರೆ, ತೊಗರಿ ಹಾಕುವ ಅಕ್ಕಡಿ ಸಾಲಿನ ಲೆಕ್ಕಾಚಾರವೂ ಬೇರೆಯಲ್ಲ.

ತೊಗರಿ ಕೊಯ್ದ ಹೊಲದಲ್ಲಿ ಮುಂದಿನ ಏಕದಳ ಬೆಳೆಗೆ ಹೆಕ್ಟೇರಿಗೆ ಸುಮಾರು 40 ಕಿಲೋ ಸಾರಜನಕದಷ್ಟು ಲಾಭ ಸಿಗುತ್ತದೆ ಎಂದು ಇಕ್ರಿಸ್ಯಾಟ್ ವಿಜ್ಞಾನಿಗಳು 1980ರ ದಶಕದಲ್ಲೇ ತೋರಿಸಿದ್ದರು. ಅದೇ ದಶಕದಲ್ಲಿ, 1986ರಲ್ಲಿ, ಸೊರಗು ರೋಗ ತಡೆಯುವ ಮಾರುತಿ ತಳಿ ಕರ್ನಾಟಕಕ್ಕೆ ಬಿಡುಗಡೆಯಾಯಿತು. ರೋಗದಿಂದ ತೊಗರಿ ಕೈಬಿಡುತ್ತಿದ್ದ ಕಲಬುರಗಿ ಭಾಗ ಮತ್ತೆ ತೊಗರಿ ನಾಡಾಗಿ ಉಳಿದುದರಲ್ಲಿ ಅದರ ಪಾತ್ರ ದೊಡ್ಡದು.

ಜೋಳದ ಬೇರು ಮಾಡುವ ಕೆಲಸ

ಬೇಳೆಕಾಳು ಸಾರಜನಕ ಗಳಿಸುತ್ತದೆ. ಜೋಳ ಅದನ್ನು ಕಾಯುತ್ತದೆ ಎಂದರೆ ನಂಬುತ್ತೀರಾ?

ಜೋಳದ ಬೇರು ಕೆಲವು ರಾಸಾಯನಿಕಗಳನ್ನು ಸ್ರವಿಸುತ್ತದೆ. ಅವುಗಳಲ್ಲಿ ಸೋರ್ಗೋಲಿಯೋನ್ ಎಂಬುದು ಕಳೆಗಳನ್ನು ಹತ್ತಿಕ್ಕುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಅಮೋನಿಯಂ ನೈಟ್ರೇಟ್ ಆಗುವುದನ್ನೂ ಅದು ನಿಧಾನಗೊಳಿಸುತ್ತದೆ ಎಂಬುದು ಜಪಾನಿನ ಜಿರ್ಕಾಸ್ ಸಂಸ್ಥೆ ಮತ್ತು ಇಕ್ರಿಸ್ಯಾಟ್ ಕೂಡಿ ಮಾಡಿದ ಸಂಶೋಧನೆಯಿಂದ ಸ್ಪಷ್ಟವಾಯಿತು. ಹಾಕಿದ ಸಾರಜನಕ ಹೆಚ್ಚು ದಿನ ಅಮೋನಿಯಂ ರೂಪದಲ್ಲೇ ಬೇರಿನ ಬಳಿ ಉಳಿದರೆ ಅಂತರ್ಜಲಕ್ಕೆ ಇಳಿಯುವುದೂ ಕಡಿಮೆ, ಅನಿಲವಾಗುವುದೂ ಕಡಿಮೆ. ಎಲ್ಲ ತಳಿಗಳಲ್ಲಿ ಈ ಗುಣ ಒಂದೇ ಸಮ ಇಲ್ಲ. ಹಾಗಾಗಿ ಹೆಚ್ಚು ಸ್ರವಿಸುವ ತಳಿಗಳನ್ನು ಆರಿಸಿ ತಳಿ ಅಭಿವೃದ್ಧಿಯಲ್ಲಿ ಬಳಸುವ ಪ್ರಯತ್ನ ನಡೆದಿದೆ. ಕಾಡು ಹುಲ್ಲೊಂದರ ಇದೇ ಗುಣವನ್ನು ಗೋಧಿಗೆ ತಂದ ಕೆಲಸ 2021ರಲ್ಲಿ ಪ್ರಕಟವಾಗಿದೆ. ಯೂರಿಯಾಕ್ಕೆ 2015ರಿಂದ ಕಡ್ಡಾಯವಾಗಿ ಬೇವಿನ ಎಣ್ಣೆಯ ಲೇಪ ಹಾಕುತ್ತಿರುವುದರ ಒಂದು ಉದ್ದೇಶವೂ ಇದೇ.

ಮಳೆಯ ಲಯ ತಪ್ಪಿದಾಗ

ಬೇರುಗಂಟಿನ ಬ್ಯಾಕ್ಟೀರಿಯಾಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಇಪ್ಪತ್ತು ದಿನ ಮಳೆ ಬಾರದೆ ಮಣ್ಣು ಒಣಗಿದರೆ ಅದು ಕೆಲಸ ನಿಲ್ಲಿಸುತ್ತದೆ. ಎರೆ ಹೊಲದಲ್ಲಿ ನೀರು ನಿಂತರೆ ಗಂಟು ಕೊಳೆಯುತ್ತದೆ. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ಮುಳುಗಿದ ವಾರವೇ ಕಲಬುರಗಿಯಲ್ಲಿ ಭೀಮಾ ಉಕ್ಕಿ ತೊಗರಿ ಹೊಲಗಳು ಜಲಾವೃತವಾಗಿದ್ದವು. ಹೂ ಬಿಡುವ ಹೊತ್ತಿಗೆ ಹೀಗಾದರೆ ಕಾಳಿನ ನಷ್ಟ ಕಣ್ಣಿಗೆ ಕಾಣುತ್ತದೆ, ಮುಂದಿನ ಬೆಳೆಗೆ ಸಿಗಬೇಕಿದ್ದ ಸಾರಜನಕದ ನಷ್ಟ ಕಾಣುವುದಿಲ್ಲ. ಒಣಗಿದ ಮಣ್ಣಿಗೆ ಒಮ್ಮೆಲೇ ಜಡಿಮಳೆ ಬಿದ್ದಾಗ ನೈಟ್ರಸ್ ಆಕ್ಸೈಡ್ ಹೊರಬರುವುದೂ ಏಕಾಏಕಿ ಏರುತ್ತದೆ. ಹವಾಮಾನ ಬದಲಾವಣೆಗೆ ಸಾರಜನಕ ಕಾರಣವೂ ಹೌದು, ಬಲಿಯೂ ಹೌದು.

ಹೈದರಾಬಾದ್‌ನಲ್ಲೇ ಇರುವ ಕೇಂದ್ರೀಯ ಒಣಭೂಮಿ ಕೃಷಿ ಸಂಶೋಧನಾ ಸಂಸ್ಥೆ ‘ಕ್ರಿಡಾ’, 2011ರಿಂದ ಹವಾಮಾನ ತಾಳಿಕೆಯ ರಾಷ್ಟ್ರೀಯ ಯೋಜನೆ ‘ನಿಕ್ರಾ’ವನ್ನು ಮುನ್ನಡೆಸುತ್ತಿದೆ. ಇತ್ತ ಸರ್ಕಾರದ ಮಾತೂ ದೊಡ್ಡದೇ. 2019ರಲ್ಲಿ ಭಾರತ ಮಂಡಿಸಿದ ಸಾರಜನಕ ನಿರ್ವಹಣೆಯ ನಿರ್ಣಯವನ್ನು ವಿಶ್ವಸಂಸ್ಥೆಯ ಪರಿಸರ ಸಭೆ ಒಪ್ಪಿತು. ಅದೇ ವರ್ಷದ ಕೊಲಂಬೊ ಘೋಷಣೆಯ ಗುರಿ 2030ರೊಳಗೆ ಸಾರಜನಕದ ಪೋಲನ್ನು ಅರ್ಧಕ್ಕಿಳಿಸುವುದು. ಆದರೆ ಅಂಗಡಿಯಲ್ಲಿ ಯೂರಿಯಾ ಚೀಲ ಸುಮಾರು 266 ರೂಪಾಯಿ, ಡಿಎಪಿ 1,350 ರೂಪಾಯಿ. ರೈತನ ಕೈ ಯಾವುದರ ಕಡೆ ಹೋಗುತ್ತದೆ ಎಂದು ವಿಜ್ಞಾನಿ ಹೇಳಬೇಕಾಗಿಲ್ಲ. 2009ರಲ್ಲಿ ಇಕ್ರಿಸ್ಯಾಟ್ ಜೊತೆ ಕರ್ನಾಟಕ ಸರ್ಕಾರ ಕೈಗೊಂಡ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಯಲ್ಲಿ ಸತು, ಬೋರಾನ್, ಗಂಧಕದ ಕೊರತೆ ವ್ಯಾಪಕವಾಗಿ ಕಂಡಿತ್ತು. ಅವಿಲ್ಲದೆ ಎಷ್ಟು ಯೂರಿಯಾ ಸುರಿದರೂ ಬೆಳೆ ಅದನ್ನು ಪೂರ್ತಿ ಬಳಸಿಕೊಳ್ಳಲಾರದು.

ಪಟಾನ್‌ಚೆರು ದಾಟಿ ಬೀದರ್ ಕಡೆಗೆ ಮುಂದುವರಿದರೆ ಜಹೀರಾಬಾದ್. ಅಲ್ಲಿನ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರು ಒಂದೇ ಹೊಲದಲ್ಲಿ ಸಿರಿಧಾನ್ಯ, ಬೇಳೆಕಾಳು, ಎಣ್ಣೆಕಾಳು ಬೆರೆಸಿ ಬಿತ್ತುತ್ತಾರೆ. ಈ ಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರು ಮೈಸೂರಿನವರಾದ ಪಿ.ವಿ. ಸತೀಶ್, 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರ ಸಂಘಗಳಿಗೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂದಿತ್ತು. ಇಕ್ರಿಸ್ಯಾಟ್‌ನ ಪ್ರಯೋಗದ ಹೊಲ ಮತ್ತು ಈ ಹೆಂಗಸರ ಹೊಲ ಗೊಬ್ಬರದ ವಿಷಯದಲ್ಲಿ ಒಪ್ಪುವುದಿಲ್ಲ. ತೊಗರಿ ಜೊತೆಗಿರಬೇಕು ಎನ್ನುವುದರಲ್ಲಿ ಒಪ್ಪುತ್ತವೆ.

ತೊಗರಿ ಬೆಳೆಯುವವರು ಗಮನಿಸಿ

ಕರ್ನಾಟಕದಲ್ಲಿ ತೊಗರಿಗೆ ಶಿಫಾರಸು ಹೆಕ್ಟೇರಿಗೆ 25 ಕಿಲೋ ಸಾರಜನಕ, 50 ಕಿಲೋ ರಂಜಕ. ಎಕರೆಗೆ ಒಂದು ಚೀಲ ಡಿಎಪಿ ತಳಗೊಬ್ಬರವಾಗಿ ಕೊಟ್ಟರೆ ಎರಡೂ ಹೆಚ್ಚುಕಡಿಮೆ ಸರಿಹೋಗುತ್ತದೆ. ಮೇಲೆ ಯೂರಿಯಾ ಬೇಕಿಲ್ಲ. ಹಾಕಿದರೆ ನಷ್ಟವೇ, ಏಕೆಂದರೆ ಮಣ್ಣಿನಲ್ಲಿ ನೈಟ್ರೇಟ್ ಧಾರಾಳವಾಗಿ ಸಿಕ್ಕರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ.

ಬಿತ್ತುವ ಮುನ್ನ ಬೀಜಕ್ಕೆ ರೈಜೋಬಿಯಂ ಪುಡಿಯನ್ನು ಬೆಲ್ಲದ ನೀರಿನ ಜೊತೆ ಲೇಪಿಸಿ ನೆರಳಲ್ಲಿ ಒಣಗಿಸಿ. ಕಡಲೆಯ ರೈಜೋಬಿಯಂ ಬೇರೆ, ತೊಗರಿಯದು ಬೇರೆ. ಪೊಟ್ಟಣದ ಮೇಲೆ ಬೆಳೆಯ ಹೆಸರು ಮತ್ತು ಅವಧಿ ನೋಡಿಕೊಳ್ಳಿ. ಬಿತ್ತಿದ ಒಂದೂವರೆ ತಿಂಗಳಿಗೆ ಒಂದೆರಡು ಗಿಡಗಳನ್ನು ಕೀಳದೆ, ಸಲಿಕೆಯಿಂದ ಮಣ್ಣು ಸಮೇತ ಎತ್ತಿ, ನೀರಲ್ಲಿ ತೊಳೆದು ಬೇರು ನೋಡಿ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಸಾರಜನಕ ಹಿಡಿಯುವ ಕೆಲಸ ನಡೆಯುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ಇಲ್ಲ.