ಅರಗಿನ ತಟ್ಟೆಯಲ್ಲಿ ಉಳಿದ ದನಿ

1924ರ ಏಪ್ರಿಲ್ 8ರಂದು ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರನೆಂಬ ಬಾಲಕ ಮುಂದೆ ಕುಮಾರ ಗಂಧರ್ವರೆಂದು ನಾಡಿಗೆಲ್ಲ ಪರಿಚಿತರಾದರು. ಮುಂಬಯಿಯಲ್ಲಿ ಬಿ.ಆರ್. ದೇವಧರರ ಶಿಷ್ಯರಾಗುವ ಮೊದಲೇ, ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಹಿರಿಯ ಗಾಯಕರ ಹಾಡಿಕೆಯನ್ನು ಅವರು ಇದ್ದಂತೆಯೇ ಒಪ್ಪಿಸುತ್ತಿದ್ದರು. ನಿಮಿಷಕ್ಕೆ 78 ಸುತ್ತು ತಿರುಗುವ 10 ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷಕ್ಕಿಂತ ತುಸು ಹೆಚ್ಚಿನ ಅವಧಿ. ಗಂಟೆಗಟ್ಟಲೆ ಹಾಡುವ ರಾಗವನ್ನು ಗಾಯಕರು ಅಷ್ಟರಲ್ಲೇ ಅಡಕಗೊಳಿಸಬೇಕಾಗಿತ್ತು.

1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ತಟ್ಟೆಗಳು 'ಗಾಂಧಾರಿ' ಎಂಬ ಹೆಸರಿನಲ್ಲಿಯೂ ಬಂದವು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ಕಂಠ ಗಡುಸಾಯಿತು. ಮೊದಲಿನ ಆ ತೆಳುವಾದ, ಏರು ದನಿಯನ್ನು ಕೇಳಬೇಕೆಂದರೆ ಈ ತಟ್ಟೆಗಳೇ ಗತಿ. ಸಂಗ್ರಾಹಕರ ಹವ್ಯಾಸವನ್ನು ಹಳೆಯ ಸಾಮಾನಿನ ಹುಚ್ಚೆಂದು ನಗುವವರು ಇದನ್ನು ಗಮನಿಸಬೇಕು.

ಅಪರೂಪದ ತಟ್ಟೆ ಕೈಗೆ ಸಿಕ್ಕರಷ್ಟೇ ಸಾಲದು. ಅದು ಮರದ ಮೇಲಿನ ಕೀಟ ಸ್ರವಿಸುವ ಅರಗು, ಕಲ್ಲಿನ ಪುಡಿ, ಕಾಡಿಗೆ ಸೇರಿದ ವಸ್ತು, ಕೈಜಾರಿದರೆ ಚೂರು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಹೊಳಪು ಬರಲೆಂದು ಸ್ಪಿರಿಟ್ ಹಚ್ಚಿ ಒರೆಸಿದರೆ ಗೆರೆಗಳ ಜೊತೆಗೆ ಹಾಡೂ ಅಳಿಯುತ್ತದೆ! ಖಾನಾಪುರದಂಥ ಮಲೆನಾಡ ಸೆರಗಿನಲ್ಲಿ ಮಳೆಗಾಲದ ತೇವಕ್ಕೆ ಕಾಗದದ ಹೊದಿಕೆ ಬೂಸು ಹಿಡಿದು ತಟ್ಟೆಗೂ ಅಂಟುತ್ತದೆ. ಒಂದರ ಮೇಲೊಂದು ಪೇರಿಸದೆ, ಗಾಳಿಯಾಡುವ ಒಣ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಬೇಕು. ಉಕ್ಕಿನ ಮುಳ್ಳನ್ನು ಪ್ರತಿ ಮಗ್ಗುಲಿಗೂ ಬದಲಿಸಬೇಕು. ಸವೆದ ಮುಳ್ಳು ಗೆರೆಯನ್ನೇ ಕೆರೆಯುತ್ತದೆ. ಒಮ್ಮೆ ಟೇಪಿಗೋ ಕಂಪ್ಯೂಟರಿಗೋ ಇಳಿಸಿಕೊಂಡರೆ ಪದೇ ಪದೇ ಮುಳ್ಳು ತಾಗಿಸುವ ಪ್ರಮೇಯವೇ ಇಲ್ಲ.